ವಾಕ್ಯ ಕೂಡಿಸುವಷ್ಟರಲ್ಲಿ

ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಅವಳು ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ವಾರ್ಡನ್ನಿನ ನಡಿಗೆ, ಅಡುಗೆಯವನ ಗೊಣಗಾಟ ಎಲ್ಲವನ್ನೂ ಅಣಕಿಸಿ ಗೆಳತಿಯರ ಹೊಟ್ಟೆ ಹುಣ್ಣಾಗಿಸುತ್ತಿದ್ದಳು. ಇಂಗ್ಲಿಷ್ ತರಗತಿಯಲ್ಲಿ ಮಾತ್ರ ಅದೇ ಹುಡುಗಿಗೆ ‘ಮೌನಗೌರಿ’ ಎಂಬ ಹೆಸರು.

ಮೊದಲ ತಿಂಗಳು ಹಾಗಿರಲಿಲ್ಲ. ಭಾನುವಾರ ಏನು ಮಾಡಿದಿರಿ ಎಂದು ಮೇಡಂ ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದು, “ಐ ಗೋಡ್ ಟು ಅಜ್ಜಿ ಹೌಸ್” ಎಂದಿದ್ದಳು. ‘ವೆಂಟ್’ ಬದಲು ‘ಗೋಡ್’ ಕೇಳಿ ತರಗತಿ ಗೊಳ್ಳೆಂದಿತು. ಮೇಡಂ ಕೆಟ್ಟವರಲ್ಲ, ಆದರೂ ಕರವಸ್ತ್ರ ಬಾಯಿಗೆ ಹಿಡಿದು ಅವರೂ ನಕ್ಕರು. ಹದಿನೈದು ದಿನ ಅವಳು ಹೋದಲ್ಲೆಲ್ಲ ‘ಗೋಡ್, ಗೋಡ್’. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ಬರೆಯುವುದರಲ್ಲಿ ಅಂಕ ಬರುತ್ತಿತ್ತು. ತಂಟೆಯಿಲ್ಲದ ಹುಡುಗಿ ಎಂದು ಮೇಡಂ ಸುಮ್ಮನಾದರು.

ಎರಡನೆಯ ವರ್ಷ ವಾರ್ಡಿನ ಕೆಲಸ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕಾಲಿನ ಗಾಯ ಕೀವಾಗಿ ಬಂದಿದ್ದ ಮುದುಕ ಬಡಗಿಯಿದ್ದ. ಬೆಳಿಗ್ಗೆ ಅವಳು ನಾಡಿ ಹಿಡಿದಾಗ ಜೇಬಿನಿಂದ ಚೀಟಿಯೊಂದನ್ನು ತೆಗೆದ.

“ನೋಡಮ್ಮ, ಹೋದ ವರ್ಷ ಈ ಇಂಜೆಕ್ಷನ್ ಕೊಟ್ರು. ಮುಖ ಕುಂಬಳಕಾಯಿ ಆಯ್ತು, ಉಸಿರೇ ಕಟ್ಟಿತ್ತು. ದೊಡ್ಡೋರಿಗೆ ಹೇಳಿಬಿಡು.”

“ಹೇಳ್ತೀನಿ ತಾತ. ನಿಮ್ಮ ಮುಖ ಈಗಿರೋ ಅಳತೆನೇ ಸಾಕು.”

ಬಡಗಿ ಕೆಮ್ಮು ಬರುವಷ್ಟು ನಕ್ಕ.

ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ರೌಂಡ್ಸಿನಲ್ಲಿ ಇಂಗ್ಲಿಷನ್ನೇ ಆಡಬೇಕೆಂಬುದು ಅಲ್ಲಿಯ ಕಟ್ಟಪ್ಪಣೆ. ಅವರು ಫೈಲು ತಿರುವಿ, ಚೀಟಿಯಲ್ಲಿದ್ದ ಔಷಧಿಯನ್ನೇ ಹೇಳಿದರು. ಬಡಗಿಗೆ ಆ ಓಟದ ಮಾತು ತಿಳಿಯಲಿಲ್ಲ, ಎಲ್ಲದಕ್ಕೂ ತಲೆಯಾಡಿಸಿದ. ಅವಳು ಮನಸ್ಸಿನಲ್ಲೇ ವಾಕ್ಯ ಕೂಡಿಸತೊಡಗಿದಳು. ಸರ್, ಹಿ ಹ್ಯಾಸ್... ಹ್ಯಾಸ್ ಅಲ್ಲ, ಹ್ಯಾಡ್. ಟೇಕ್? ಟುಕ್? ಟೇಕನ್? ಸುತ್ತ ಹನ್ನೊಂದು ಜನ ನಿಂತಿದ್ದರು. ವಾಕ್ಯ ನೆಟ್ಟಗಾಗುವಷ್ಟರಲ್ಲಿ ಬಿಳಿ ಕೋಟುಗಳು ಮುಂದಿನ ಹಾಸಿಗೆಗೆ ಸರಿದಿದ್ದವು.

ರೌಂಡ್ಸ್ ಮುಗಿದ ಮೇಲೆ ವಾರ್ಡಿನ ಸಿಸ್ಟರ್ ಕಿವಿಗಾದರೂ ಹಾಕೋಣವೆಂದುಕೊಂಡಳು. ಸಿಸ್ಟರ್ ಅವಳ ಕೈಗೆ ರಕ್ತದ ಸೀಸೆಗಳ ತಟ್ಟೆ ಕೊಟ್ಟು, “ಲ್ಯಾಬಿಗೆ, ಬೇಗ” ಎಂದರು. “ಸಿಸ್ಟರ್, ಆ ತಾತ...” ಎನ್ನುವಾಗಲೇ ಅವರಿಗೆ ಫೋನು ಬಂತು.

ಓಡಿ ಹೋಗಿ ಓಡಿ ಬಂದಳು. ಕಿಟಕಿ ಪಕ್ಕದ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಇಂಜೆಕ್ಷನ್ ಕೊಟ್ಟಾಗಿತ್ತು, ಬಡಗಿಯ ಉಸಿರು ನಿಂತಿತ್ತು.

“ನಿನಗೇನೂ ಗೊತ್ತಿಲ್ಲ, ತಿಳೀತಾ?” ಎಂದರು ನರ್ಸುಗಳ ಮೇಲಧಿಕಾರಿ ಮೇಟ್ರನ್, ಸಂಜೆ ಅವಳು ನಡೆದದ್ದನ್ನು ಹೇಳಿದಾಗ.

ಹೊರಗೆ ಬೆಂಚಿನ ಮೇಲೆ ಬಡಗಿಯ ಮಗಳು ಅಪ್ಪನ ಚಪ್ಪಲಿಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಚೀಟಿಯ ವಿಷಯ, ತನ್ನ ಹೆದರಿಕೆ, ಬಾರದೇ ಹೋದ ವಾಕ್ಯ.

ಮಗಳು ಚೀಲವನ್ನು ಬೆಂಚಿನ ಮೇಲಿಟ್ಟು ಅವಳತ್ತ ತಿರುಗಿದಳು.

“ನಮ್ಮ ಮಾತಲ್ಲೇ ಹೇಳಬಹುದಿತ್ತಲ್ಲ ತಂಗಿ. ಆ ಡಾಕ್ಟರ್ ಮನೇಲೂ ಇದೇ ಮಾತು ತಾನೆ?”

“ಹೌದಕ್ಕ.”

ಮಗಳು ಬೈಯಲಿಲ್ಲ. ಎದ್ದು ಹೋಗಿ ಎದುರಿನ ಗೋಡೆಗೆ ಹಣೆ ಹಚ್ಚಿ ನಿಂತಳು. ಹತ್ತಿರ ಹೋಗಿ ಮುಟ್ಟಲು ಹುಡುಗಿಗೆ ಧೈರ್ಯ ಬರಲಿಲ್ಲ. ಚೀಲ ಬೀಳದಂತೆ ಹಿಡಿದುಕೊಂಡು ಕೂತೇ ಇದ್ದಳು.