ಬಕೆಟ್ಟಿನ ಪುಂಡಿ

ಪುಂಡಿಪಲ್ಯದ ಡಬ್ಬಿ ಇನ್ನೂ ಬಿಸಿಯಾಗಿತ್ತು. ಗಿರಿಜವ್ವ ಅದನ್ನು ಓಢಣಿಯ ತುದಿಯಲ್ಲಿ ಹಿಡಿದುಕೊಂಡು, ಬೇಲಿಯ ಗೇಟು ದೂಡಿ ಪಕ್ಕದ ಮನೆಯ ಹಿತ್ತಲಿಗೆ ಬಂದಳು. ಹಿಂದಿನ ದಿನವಷ್ಟೇ ಜಮೈಕಾದಿಂದ ಮರಳಿದ್ದ ಮಿಸ್ ಡಾರೆಟ್ ನೈಟ್‌ಗೌನಿನಲ್ಲೇ, ಚಹಾದ ಮಗ್ಗು ಹಿಡಿದು, ಗೋಡೆಗುಂಟ ಇಟ್ಟ ಪೇಂಟಿನ ಬಕೆಟ್ಟುಗಳನ್ನು ನೋಡುತ್ತ ನಿಂತಿದ್ದಳು. ಬಕೆಟ್ಟಿನಲ್ಲಿದ್ದ ಒಂದು ಗಿಡಕ್ಕೂ ತುದಿಯಿರಲಿಲ್ಲ.

“ಗಿರಿಜಾ, ನನ್ನ ಸಾರೆಲ್ ಯಾರು ತಿಂದಿದ್ದು? ಮೊಲವಾ?”

“ಮೊಲ ಅಲ್ರೀ, ನಾನ,” ಎಂದು ಗಿರಿಜವ್ವ ನಗುತ್ತ ಡಬ್ಬಿಯನ್ನು ಮುಂದೆ ಹಿಡಿದಳು.

ಮಿಸ್ ಡಾರೆಟ್ ನಗಲಿಲ್ಲ.

ಪರದೇಶದ ಸ್ಕಾರ್‌ಬರೋದ ಆ ಬೀದಿಯಲ್ಲಿ ಇಬ್ಬರೂ ಬಹಳ ವರ್ಷಗಳ ನೆರೆಯವರು. ಒಬ್ಬಳದು ಜಮೈಕಾದ ಇಂಗ್ಲಿಷು, ಇನ್ನೊಬ್ಬಳದು ಬಾಗಲಕೋಟೆಯದು. ಅರ್ಧ ಬಾಯಿಂದ, ಅರ್ಧ ಕೈಯಿಂದ ಮಾತು ಸಾಗುತ್ತಿತ್ತು. ಈಚೆಯಿಂದ ಹೋಳಿಗೆ ಹೋದರೆ ಆಚೆಯಿಂದ ಕರಿದ ಬಾಳೆಹಣ್ಣು ಬರುತ್ತಿತ್ತು. ಖಾಲಿ ಡಬ್ಬಿ ಮರಳಿಸಬಾರದೆಂದು ಮಿಸ್ ಡಾರೆಟ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜುಲೈಯಲ್ಲಿ ಊರಿಗೆ ಹೊರಟಾಗ ಗಿಡಗಳಿಗೆ ನೀರು ಹಾಕುವ ಕೆಲಸವನ್ನು ಅವಳು ಗಿರಿಜವ್ವನಿಗೆ ಒಪ್ಪಿಸಿದ್ದೂ ಇದೇ ಸಲಿಗೆಯಿಂದ.

ಇಷ್ಟು ವರ್ಷ ಬೇಲಿಯಾಚೆಯಿಂದ ಯಾವುದೋ ಗಿಡವೆಂದುಕೊಂಡಿದ್ದಳು. ಮೊದಲ ದಿನ ಹತ್ತಿರ ನಿಂತು ನೀರು ಹಾಕುವಾಗಲೇ ಗಿರಿಜವ್ವನ ಕಣ್ಣು ನಿಂತಿತು. ಕೆಂಪು ದಂಟು, ಬೆರಳು ಬಿಡಿಸಿದಂಥ ಎಲೆ. ಒಂದನ್ನು ಕಿತ್ತು ಬಾಯಿಗಿಟ್ಟಳು. ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಿತು. ಮಿಸ್ ಡಾರೆಟ್ ಸಾರೆಲ್ ಎನ್ನುವುದು ಪುಂಡಿಯೇ, ಸಂಶಯವಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಅವಳು ತಿಂದದ್ದೆಲ್ಲ ಫ್ರೋಜನ್ ಪ್ಯಾಕೆಟ್ಟಿನ ಸೊಪ್ಪು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಆದರೆ ಪಕ್ಕದವರ ಹಿತ್ತಲಿಗೆ ಆ ಗಾದೆ ನಡೆಯುವುದಿಲ್ಲ. ತವರಿನಲ್ಲಿ ಕಲಿತಂತೆ ಎಳೆಯ ತುದಿಗಳನ್ನು ಉಗುರಿನಿಂದ ಚಿವುಟಿದಳು. ಚಿವುಟಿದಷ್ಟೂ ಚಿಗುರುವ ಗಿಡ ಅದು. ಗೆಳತಿಗೆ ಉಪಕಾರವನ್ನೇ ಮಾಡುತ್ತಿದ್ದೇನೆ ಎಂದುಕೊಂಡಳು. ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಅಡುಗೆಯನ್ನು ಎಂದೂ ಹೊಗಳದ ಗಂಡ ಗದಿಗೆಪ್ಪ ಮಾತಿಲ್ಲದೆ ಮೂರನೆಯ ರೊಟ್ಟಿಗೆ ಕೈ ಹಾಕಿದ. ಮಿಸ್ ಡಾರೆಟ್ ಬರುವವರೆಗೂ ಆ ಮನೆಯಲ್ಲಿ ಬೇರೆ ಪಲ್ಯದ ಮಾತೇ ಇರಲಿಲ್ಲ.

“ಎಲೇನ ನಮ್ಮಲ್ಲಿ ಆಡು-ಮೇಕೆಗೆ ಹಾಕ್ತೀವಿ,” ಎಂದಳು ಮಿಸ್ ಡಾರೆಟ್ ನಿಧಾನವಾಗಿ. “ಬೇಕಾದ್ದು ಹೂ ಬಾಡಿದ ಮೇಲೆ ಉಳಿಯೋ ಕೆಂಪು ಮೊಗ್ಗು. ಕ್ರಿಸ್‌ಮಸ್‌ಗೆ ಶುಂಠಿ, ಲವಂಗ ಹಾಕಿ ಕುದಿಸಿ ಕುಡಿಯೋದು. ಅದಿಲ್ಲದೆ ನಮಗೆ ಹಬ್ಬ ಇಲ್ಲ.”

ಗಿರಿಜವ್ವನ ಊರಿನಲ್ಲಿ ಪುಂಡಿ ಹೂ ಬಿಟ್ಟಿತೆಂದರೆ ಸೊಪ್ಪು ಬಲಿಯಿತೆಂದು ಕಿತ್ತೆಸೆಯುತ್ತಿದ್ದರು. ಅದನ್ನು ಈಗ ಹೇಳುವ ಧೈರ್ಯವಾಗಲಿಲ್ಲ.

“ಅಂಗಡ್ಯಾಗ ಒಣಗಿಸಿದ್ದು ಸಿಗತೈತಲ್ರೀ?”

“ಅಂಗಡೀದು ಅಂಗಡೀದೇ. ಇದು ನಮ್ಮಮ್ಮನ ಅಂಗಳದ್ದು. ಈ ಸಲ ಹೋಗಿ ನೋಡಿದ್ರೆ, ಅಂಗಳಕ್ಕೆಲ್ಲ ಸಿಮೆಂಟು ಹಾಕಿ ಕಾರು ನಿಲ್ಲಿಸಿದಾರೆ. ಇದ್ದ ಬೀಜ ಎಲ್ಲ ಈ ಬಕೆಟ್ಟಿಗೇ ಹಾಕಿದ್ದೆ ಗಿರಿಜಾ. ತುದಿ ಇಲ್ಲದ ಗಿಡ ಎಲ್ಲಿ ಮೊಗ್ಗು ಬಿಡುತ್ತೆ?”

ಪ್ರತಿ ವರ್ಷವೂ ಗಿಡ ತಲೆಗಿಂತ ಎತ್ತರ ಬೆಳೆದು, ಮೊಗ್ಗಿಗೆ ಮೊದಲೇ ಹಿಮ ಬಿದ್ದು ಕರಕಲಾಗುತ್ತಿತ್ತಂತೆ. ಹೋದ ವರ್ಷ ಒಳಗೆ ತರಲು ಹೋಗಿ, ಬಾಗಿಲಿಗೆ ತಾಗಿ ನಡುವೆ ಮುರಿದಿತ್ತು. ಈ ಸಲ ಬೇಗ ಬಿತ್ತಿ, ಬೇಗ ಬೆಳೆಸಿ, ಹೇಗಾದರೂ ಹೂ ನೋಡಬೇಕೆಂದಿದ್ದಳು. ಅವಳು ಗದರಲಿಲ್ಲ. ಗದರಿದ್ದರೆ ಗಿರಿಜವ್ವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

“ಅಮ್ಮಾ, ಯು ಏಟ್ ಹರ್ ಕ್ರಿಸ್‌ಮಸ್,” ಎಂದಳು ಮಗಳು ಮೇಧಾ, ಎಲ್ಲ ಕೇಳಿದ ಮೇಲೆ.

“ನಾ ಒಬ್ಬಾಕೀನ ತಿಂದ್ನೇನ? ನಿಮ್ಮಪ್ಪನ್ನ ಕೇಳು, ಬಾಣಲಿ ಬಳದವರು ಯಾರಂತ.”

ಗದಿಗೆಪ್ಪ ಫೋನಿನಿಂದ ತಲೆಯೆತ್ತಲಿಲ್ಲ. “ಮಾಡಿದ್ದುಣ್ಣೋ ಮಹಾರಾಯ ಅಂತಾರ. ಇಲ್ಲಿ ನೀ ಮಾಡ್ದಿ, ನಾವು ಉಂಡ್ವಿ.”

ಡಬ್ಬಿ ಎರಡು ದಿನದ ಮೇಲೆ ಬೇಲಿಯ ಕಂಬದ ಮೇಲೆ ಕೂತಿತ್ತು. ತೊಳೆದಿತ್ತು, ಒರೆಸಿತ್ತು, ಖಾಲಿಯಿತ್ತು. ಗಿರಿಜವ್ವ ಅದನ್ನು ಒಳಗೆ ತಂದು ಎಲ್ಲಕ್ಕಿಂತ ಹಿಂದಿನ ಶೆಲ್ಫಿನಲ್ಲಿಟ್ಟಳು. ಆಗಸ್ಟ್ ಪೂರ್ತಿ ಇಬ್ಬರ ನಡುವೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಿರಲಿಲ್ಲ. ಗಿರಿಜವ್ವನಿಗೆ ಅಳು ಬರುವಷ್ಟು ಬೇಸರವಾಗಿತ್ತು. ದೇಶ ಬಿಟ್ಟು ಬಂದಲ್ಲಿ ಅಂಗಡಿ ಬೇಕಾದಷ್ಟು ಸಿಗುತ್ತವೆ, ಬೇಲಿ ದಾಟಿ ಡಬ್ಬಿ ಕೊಡುವಂಥವರು ಒಬ್ಬರು ಸಿಕ್ಕರೆ ಪುಣ್ಯ.

ಸೆಪ್ಟೆಂಬರ್ ಕೊನೆಗೆ ಗಾಳಿ ತಿರುಗಿತು. ಬಟ್ಟೆ ಒಣಗಹಾಕಲು ಬಂದ ಗಿರಿಜವ್ವ ಬೇಲಿಯ ಮೇಲಿಂದ ಇಣುಕಿದಳು. ಚಿವುಟಿದ ಒಂದೊಂದು ತುದಿಯಿಂದ ಎರಡು ಮೂರು ಕವಲೊಡೆದು, ಗಿಡಗಳು ಸೊಂಟದೆತ್ತರಕ್ಕೆ ಪೊದೆಯಾಗಿ ಕೂತಿದ್ದವು. ತಲೆಗಿಂತ ಎತ್ತರದ್ದು ಒಂದೂ ಇಲ್ಲ. ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಗೇಟು ದೂಡಿದಳು.

“ಮಿಸ್ ಡಾರೆಟ್, ಇವು ಈ ಸಲ ಬಾಗಲದಾಗ ಹಿಡಿಸ್ತಾವ್ರೀ. ನಮ್ಮ ಬೇಸ್‌ಮೆಂಟಿಗೆ ದೊಡ್ಡ ಗಾಜಿನ ಬಾಗ್ಲ ಐತಿ, ದಿನಾ ಪೂರ್ತಿ ಬಿಸಲು. ತರೂಣು.”

ಮಿಸ್ ಡಾರೆಟ್ ಗಿಡಗಳನ್ನು ನೋಡಿದಳು, ತನ್ನ ಅಡುಗೆಮನೆಯ ಬಾಗಿಲನ್ನು ನೋಡಿದಳು, ಕೊನೆಗೆ ಗಿರಿಜವ್ವನನ್ನು ನೋಡಿದಳು. “ಅದಕ್ಕೆ ಉದ್ದದ ರಾತ್ರಿ ಬೇಕು,” ಎಂದಳು. “ಊರಲ್ಲಿ ಚಳಿಗಾಳಿ ಬಂದು ಹಗಲು ಸಣ್ಣದಾದ ಮೇಲೇ ಮೊಗ್ಗು. ಹೊತ್ತು ಮುಳುಗಿದ ಮೇಲೆ ದೀಪ ಹಚ್ಚಬಾರದು. ಟಿವಿನೂ.”

ಬೇಸ್‌ಮೆಂಟು ಗದಿಗೆಪ್ಪನ ರಾಜ್ಯ. ಒಶಾವಾದ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು, ಅಲ್ಲಿಯ ಸೋಫಾದಲ್ಲಿ ಕಾಲು ಚಾಚಿ ಕ್ರಿಕೆಟ್ ನೋಡುವುದು ಅವನ ದಿನದ ಸುಖ.

“ಗಿಡದ ಸಲುವಾಗಿ ನಾ ಕತ್ತಲದಾಗ ಕುಂದ್ರಬೇಕೇನ?”

“ಪಲ್ಯ ಉಂಡೀರಿಲ್ಲ? ಕುಂದರ್‍ರಿ.”

ಹೀಗೆ ಆ ಶರತ್ಕಾಲವೆಲ್ಲ ಗದಿಗೆಪ್ಪ ಮೇಲಿನ ಮಲಗುವ ಕೋಣೆಯಲ್ಲಿ, ಅಂಗೈಯಗಲದ ಫೋನಿನಲ್ಲಿ ಮ್ಯಾಚು ನೋಡಿದ. ಮಿಸ್ ಡಾರೆಟ್ ದಿನಾ ಬೆಳಗ್ಗೆ ಬಂದು ಮೆಟ್ಟಿಲಿಳಿದು ಗಿಡ ನೋಡುತ್ತಿದ್ದಳು. ಬಂದವಳಿಗೆ ಚಹಾ ಕೊಡದೆ ಆಗುತ್ತದೆಯೇ. ಚಹಾ ಆದ ಮೇಲೆ ಮಾತು, ಮಾತಿನ ಮೇಲೆ ಇನ್ನೊಂದು ಚಹಾ. ಹಿಂದಿನ ಶೆಲ್ಫಿನ ಡಬ್ಬಿಯೂ ಒಂದು ದಿನ ಹೋಳಿಗೆ ತುಂಬಿಕೊಂಡು ಅವಳ ಜೊತೆ ಹೋಯಿತು. ಹೊರಗೆ ಹಿಮ ಬಿದ್ದ ದಿನ ಇಬ್ಬರೂ ಗಾಜಿನ ಈಚೆ ನಿಂತು, ಪಾರಾದೆವು ಎಂಬಂತೆ ಅದನ್ನು ನೋಡಿದರು.

ನವೆಂಬರಿನ ಒಂದು ಮುಂಜಾನೆ ವಾಷಿಂಗ್ ಮಷೀನಿಗೆ ಬಟ್ಟೆ ಹಾಕಲು ಇಳಿದ ಗಿರಿಜವ್ವ, ಬಟ್ಟೆ ಹಾಗೇ ಬಿಟ್ಟು ಚಪ್ಪಲಿಯಿಲ್ಲದೆ ಪಕ್ಕದ ಮನೆಗೆ ಓಡಿದಳು. ತೆಳು ಹಳದಿಯ ಒಂದು ಹೂ, ನಡುವೆ ಕಡುಗೆಂಪು. ಮಿಸ್ ಡಾರೆಟ್ ಬಟ್ಟೆಯ ಬುಟ್ಟಿಯನ್ನೇ ಬೋರಲು ಹಾಕಿ ಅದರ ಮುಂದೆ ಕೂತಳು.

“ಅಮ್ಮ ಇದನ್ನ ನೋಡಿದ್ರೆ ನಗ್ತಿದ್ಲು,” ಎಂದಳು. “ಸಾರೆಲ್ ಬಕೆಟ್ಟಿನೊಳಗಾ, ಅಂತಿದ್ಲು.” ಆಮೇಲೆ ಸಂತೋಷಕ್ಕೆ ಅತ್ತಳು. ಗಿರಿಜವ್ವನೂ ಅತ್ತಳು.

ಮೊಗ್ಗುಗಳು ಹೆಚ್ಚೇನೂ ಬರಲಿಲ್ಲ. ಕ್ರಿಸ್‌ಮಸ್‌ಗೆ ಒಂದು ಪಾತ್ರೆ ಕುದಿಸುವಷ್ಟು ಆದವು. ಬೀಜಕ್ಕೆಂದು ಒಂದಿಷ್ಟು ಗಿಡದಲ್ಲೇ ಉಳಿದವು. ಗಿರಿಜವ್ವನಿಗೆ ರಮ್ ಹಾಕದ ಬಾಟಲಿ ಬಂತು, ಜೊತೆಗೆ ಆ ಡಬ್ಬಿಯ ತುಂಬ ಕೇಕು. ಮಾಣಿಕ್ಯದಂಥ ಆ ನೀರನ್ನು ಕುಡಿದು ಅವಳು ಒಂದು ಕಣ್ಣು ಮುಚ್ಚಿದಳು. ರಮ್ ಹಾಕಿದ ಇನ್ನೊಂದು ಬಾಟಲಿ ಯಾಕೆ ಬರಲಿಲ್ಲವೆಂದು ಗದಿಗೆಪ್ಪ ಎರಡು ಸಲ ಕೇಳಿದ.

ಮುಂದಿನ ಜುಲೈ. ಬಕೆಟ್ಟುಗಳಲ್ಲಿ ಹೊಸ ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಮಿಸ್ ಡಾರೆಟ್ ಬೇಲಿಯ ಮೇಲಿಂದ ಕೂಗಿ ಕರೆದು, ಕತ್ತರಿಯನ್ನು ಹಿಡಿಕೆಯ ಕಡೆಯಿಂದ ಮುಂದೆ ಚಾಚಿದಳು.

“ಕತ್ತರಿ ಬ್ಯಾಡ್ರೀ, ಉಗುರು ಸಾಕು,” ಎಂದು, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಗೇಟು ದೂಡಿ ಬಂದ ಗಿರಿಜವ್ವ ಅವಳ ಹೆಬ್ಬೆರಳು ತೋರುಬೆರಳುಗಳನ್ನು ಹಿಡಿದು ಒಂದು ಎಳೆಯ ತುದಿಗೆ ತಂದು ಬಿಟ್ಟಳು.

ಮಿಸ್ ಡಾರೆಟ್ ಕಣ್ಣು ಮುಚ್ಚಿ ಚಿವುಟಿದಳು. ಚಿವುಟಿದ್ದನ್ನು ಎಲ್ಲಿಡುವುದೆಂದು ತಿಳಿಯದೆ ಅಂಗೈಯಲ್ಲಿ ಹಿಡಿದು ನಿಂತಾಗ, ಗಿರಿಜವ್ವ ಡಬ್ಬಿಯ ಮುಚ್ಚಳ ತೆಗೆದಳು.