ಎರಡನೆಯ ಎಕ್ಸ್‌ರೇ

ಮುನಿಗಂಗಪ್ಪ ಹೆಂಡತಿಯ ಬಾಯಿಗೆ ಹಾಕಿದ ಅಕ್ಕಿ ತುಟಿಯಿಂದ ಜಾರಿ ಕತ್ತಿನ ಮೇಲೆ ಬಿತ್ತು. ಮತ್ತೆ ಹಾಕಿದ. ನಾಲ್ಕು ತಿಂಗಳಿಂದ ಗಂಜಿಯೂ ಸರಿಯಾಗಿ ಇಳಿಯದಿದ್ದ ಗಂಟಲು ಚಿಕ್ಕವೆಂಕಟಮ್ಮನದು. ಈಗ ನೆಂಟರೆಲ್ಲ ಸಾಲುಗಟ್ಟಿ ಬಂದು ಅಕ್ಕಿ ಹಾಕುತ್ತಿದ್ದರು. ಬದುಕಿದ್ದಾಗ ಒಂದು ಲೋಟ ಹಾಲು ತಂದುಕೊಡದವರೂ ಧಾರಾಳವಾಗಿಯೇ ಹಾಕಿದರು.

"ಇವನೇನು ಕಮ್ಮಿ ಮಾಡ್ದ ಹೇಳ್ರಪ್ಪ?" ಎಂದರು ಜಂಗಮಕೋಟೆಯ ಹಿರಿಯ ನರಸಿಂಹಪ್ಪ. "ಬೆಂಗ್ಳೂರಿಗೆ ಕರ್ಕೊಂಡೋಗಿ ಎಕ್ಸ್‌ರೇ ತೆಗೆಸ್ದ. ನಮ್ಮೂರಲ್ಲಿ ಹೆಂಡ್ತಿಗೆ ಅಂತ ಇನ್ಯಾರು ತೆಗೆಸವ್ರೆ?"

ಮುನಿಗಂಗಪ್ಪ ತಲೆ ತಗ್ಗಿಸಿದ. ದುಃಖದಲ್ಲೂ ಆ ಮಾತು ಹಿತವಾಗಿತ್ತು.

*

ಎಕ್ಸ್‌ರೇ ತೆಗೆಸಿದ್ದು ನಿಜ. ಆಸ್ಪತ್ರೆಯಲ್ಲಿ ಯಂತ್ರವಿತ್ತು, ಫಿಲಂ ಮುಗಿದಿತ್ತು. ಹೊರಗಿನ ಅಂಗಡಿಯಲ್ಲಿ ಹದಿನೆಂಟು ರೂಪಾಯಿ ಕೊಟ್ಟು ತಂದ. ಗಂಟಲು ಎಲ್ಲಿ ಕಟ್ಟಿದೆಯೆಂದು ಕಾಣಲು ಸುಣ್ಣ ಕದಡಿದಂಥ ಬಿಳಿ ಔಷಧ ಕುಡಿಸಿದರು. ಚಿಕ್ಕವೆಂಕಟಮ್ಮ ಎರಡು ಗುಟುಕು ಕುಡಿದು, ಅಷ್ಟನ್ನೂ ಸೀರೆಯ ಮೇಲೆ ಕಾರಿಕೊಂಡಳು. ಫಿಲಂನಲ್ಲಿ ಏನೂ ಮೂಡಲಿಲ್ಲ.

"ಇನ್ನೊಂದು ಫಿಲಂ ತನ್ನಿ. ಗೆಡ್ಡೆ ಎಲ್ಲಿದೆ, ಎಷ್ಟಿದೆ ಅಂತ ಗೊತ್ತಾದ್ರೆ ಏನಾದ್ರೂ ಮಾಡಬಹುದು," ಎಂದರು ಡಾಕ್ಟರು.

"ಈ ಸಲ ಕಾರ್ಕೊಳಲ್ಲ. ಬಾಯಿ ಮುಚ್ಕೊಂಡು ನುಂಗ್ಬಿಡ್ತೀನಿ," ಎಂದು ಅವಳು ಅಂಗಲಾಚಿದಳು.

"ಒಂದ್ಸಲ ಹದಿನೆಂಟು ರೂಪಾಯಿ ಕಕ್ಕಿದ್ದು ಸಾಲ್ದಾ? ನಡಿ ಮನೆಗೆ."

ಮಾರನೆಯ ದಿನ ಅವನು ಶಿಡ್ಲಘಟ್ಟಕ್ಕೆ ಹೋಗಿ, ರೇಷ್ಮೆಹುಳು ಗೂಡು ಕಟ್ಟಲು ಬಿದಿರು ಹೆಣೆದ ಎರಡು ಹೊಸ ಚಂದ್ರಿಕೆ ಕೊಂಡು ತಂದ. ಹಣ್ಣಾದ ಹುಳುಗಳನ್ನು ಆರಿಸಿ ಅವುಗಳ ಮೇಲೆ ಬಿಟ್ಟವಳು ಅವಳೇ. ಎಕ್ಸ್‌ರೇ ಮಾತನ್ನು ಮತ್ತೆ ಎತ್ತಲಿಲ್ಲ.

*

ಮಣ್ಣು ಮಾಡಿ ಬಂದು, ಹೆಣ ಮಲಗಿಸಿದ್ದಲ್ಲಿ ಹಚ್ಚಿಟ್ಟ ದೀಪ ನೋಡಿ ಜನ ಜಗಲಿಯಲ್ಲಿ ಕೂತರು. ಪೆರೇಸಂದ್ರದಿಂದ ಬಂದಿದ್ದ ಮುನಿಗಂಗಪ್ಪನ ತಂಗಿಯ ಗಂಡ ಮುನಿಶಾಮಪ್ಪ ಅವನ ಹತ್ತಿರ ಸರಿದ. ಪಕ್ಕದಲ್ಲಿ ತಂಗಿ ಗಂಗುಲಮ್ಮ, ಕಂಕುಳಲ್ಲಿ ಬಟ್ಟೆಯ ಗಂಟು.

"ಭಾವ, ಇವಳ ಹೊಟ್ಟೇಲೂ ಗೆಡ್ಡೆ ಕೈಗೆ ಸಿಕ್ತೈತೆ. ಇಲ್ಲಿಂದ ಹಂಗೇ ಬೆಂಗ್ಳೂರಿಗೆ ಹೋಗಣ ಅಂತ ಬಂದಿದೀವಿ. ಅಕ್ಕನ ಎಕ್ಸ್‌ರೇ ನೋಡಿ ಡಾಕ್ಟ್ರು ಏನಂದ್ರು?"

ಗಂಗುಲಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅವನು ಎತ್ತಿ ಆಡಿಸಿ ಬೆಳೆಸಿದ ತಂಗಿ. ನಿಜ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ನರಸಿಂಹಪ್ಪನವರೂ ನೆಂಟರೂ ಕಿವಿಗೊಟ್ಟಿರುವುದು ಅವನಿಗೆ ಕಂಡಿತು.

"ಚೆನ್ನಾಗೇ ಬಿದ್ದಿತ್ತು," ಎಂದ ಮುನಿಗಂಗಪ್ಪ. "ನೋಡಿದ ಡಾಕ್ಟ್ರು ಕೈಚೆಲ್ಲಿದ್ರು. ಈ ಕಾಯ್ಲೆಗೆ ಎಕ್ಸ್‌ರೇ ತೆಗೆಸಿದ್ರೂ ಒಂದೇ, ಬಿಟ್ರೂ ಒಂದೇ."

"ಹಂಗಾದ್ರೆ ಸುಮ್ನೆ ದುಡ್ಡು ದಂಡ," ಎಂದ ಮುನಿಶಾಮಪ್ಪ. ಅವನ ದನಿಯಲ್ಲಿ ಸಂಕಟಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು.

ರಸ್ತೆಯಲ್ಲಿ ಬೆಂಗಳೂರಿನ ಬಸ್ಸು ನಿಂತು ಹಾರನ್ ಹೊಡೆಯಿತು. ಯಾರೂ ಏಳಲಿಲ್ಲ. ಬಸ್ಸು ಹೋಯಿತು.

ಗಂಗುಲಮ್ಮ ಗೋಡೆಗೆ ಒರಗಿ ಕೂತು ಗಂಟು ಬಿಚ್ಚಿದಳು. ಆಸ್ಪತ್ರೆಗೆಂದು ಮಡಿಸಿಟ್ಟಿದ್ದ ಸೀರೆಯನ್ನು ಪಕ್ಕಕ್ಕಿಟ್ಟು, ದಾರಿಗೆಂದು ಸುಟ್ಟು ತಂದಿದ್ದ ರೊಟ್ಟಿಗಳನ್ನು ತೆಗೆದಳು.

"ಬೆಳಗ್ಗೆಯಿಂದ ಏನೂ ತಿಂದಿಲ್ವಲ್ಲಣ್ಣ. ತಗೋ."

ಮುನಿಗಂಗಪ್ಪ ತಿಂದ. ಅವಳು ಇನ್ನೊಂದು ಕೊಟ್ಟಳು. ಅದನ್ನೂ ತಿಂದ.