ಕೊಕ್ಕಿನ ಬುಡದ ಬಿಳುಪು

ಗಿಣಿಯ ಕೊಕ್ಕಿನ ಬುಡದಲ್ಲಿ ಬೆಳ್ಳಗೆ ಕಟ್ಟಿದ್ದ ಹಕ್ಕಳೆಯನ್ನು ಅತ್ತೆ ಉಗುರಿನಿಂದ ಕೆರೆಯಹೊರಟಾಗ ಸೊಸೆ ಅವರ ಕೈ ಹಿಡಿದಳು. ಮದುವೆಯಾಗಿ ಬಂದ ಎಂಟು ವರ್ಷಗಳಲ್ಲಿ ಅವಳು ಅತ್ತೆಗೆ ಅಡ್ಡ ಬಂದದ್ದು ಇದೇ ಮೊದಲು.

"ಕೆರೀಬೇಡಿ ಅತ್ತೆ. ಒಂದ್ಸಲ ನಾನು ನೋಡ್ತೀನಿ."

"ನೋಡೋಕೇನಿದೆ? ಕಾಳಿನ ಹಿಟ್ಟು ಮೆತ್ಕೊಂಡಿದೆ, ಅಷ್ಟೆ."

ಸೊಸೆಯ ಕೆಲಸ ಗಡಿಯಾರ ರಿಪೇರಿ. ಕಿಟಕಿಯ ಪಕ್ಕದ ಮೇಜಿನಲ್ಲಿ, ಎಳ್ಳಿಗಿಂತ ಸಣ್ಣ ತಿರುಪುಗಳೊಂದಿಗೆ ಅವಳ ದಿನ ಕಳೆಯುತ್ತಿತ್ತು. ಸತ್ತ ಗಡಿಯಾರಕ್ಕೆ ಜೀವ ಕೊಡ್ತಾಳೆ, ಒಲೆ ಮೇಲಿನ ಹಾಲು ಮಾತ್ರ ಉಕ್ಕಿಸ್ತಾಳೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುವುದಿತ್ತು. ಅಂಗೈಯಷ್ಟಿದ್ದ ಆ ಎರಡು ಗಿಣಿಗಳು, ಒಂದು ಹಸಿರು, ಒಂದು ನೀಲಿ, ಅತ್ತೆಯವು. ಅವುಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆದರೂ ಅತ್ತೆ ಗೊಣಗುತ್ತಲೇ ಹಸಿರು ಗಿಣಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದರು. ಸೊಸೆ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಹಿಟ್ಟಲ್ಲ, ಜೇನುಗೂಡಿನ ಹಾಗೆ ತೂತು ತೂತು. ಕಾಲಿನ ಪೊರೆಯೂ ಎದ್ದಿತ್ತು. ಚರ್ಮದೊಳಗೆ ಹುಳ ಸೇರಿರಬೇಕು ಎಂದಳು.

ದಿನಾ ಪಂಜರ ತೊಳೆಯುವ ಅತ್ತೆಗೆ ಕೆನ್ನೆಗೆ ಹೊಡೆದಂತಾಯಿತು. ಮಧ್ಯಾಹ್ನ ಹಸಿರು ಗಿಣಿ ಒಂದೇ ಕಾಳನ್ನು ಮೂರು ಸಲ ಕಚ್ಚಿ ಮೂರು ಸಲವೂ ಬೀಳಿಸಿತು. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಪಂಜರ ಎತ್ತಿಕೊಂಡು, "ನಡಿ" ಎಂದರು.

ಪಶುವೈದ್ಯೆ ಹಕ್ಕಳೆಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅತ್ತೆಗೇ ನೋಡಲು ಹೇಳಿದರು. ಮೊಂಡು ಕಾಲಿನ ಗುಂಡನೆಯ ಜೀವವೊಂದು ತೆವಳುತ್ತಿತ್ತು. ಇದು ಕೊಳಕಿನಿಂದ ಬಂದದ್ದಲ್ಲ, ಮರಿಯಿದ್ದಾಗ ತಾಯಿಹಕ್ಕಿಯಿಂದಲೇ ಅಂಟಿ ವರ್ಷಗಟ್ಟಲೆ ಅಡಗಿರಬಹುದು ಎಂದರು ವೈದ್ಯೆ. ಬಿಟ್ಟಿದ್ದರೆ ಕೊಕ್ಕು ಸೊಟ್ಟಗಾಗಿ ಹಕ್ಕಿ ಹಸಿವಿನಿಂದ ಸಾಯುತ್ತಿತ್ತು. ಚೆನ್ನಾಗಿದ್ದ ನೀಲಿಗೂ ಸೇರಿಸಿ ಎರಡಕ್ಕೂ ಕತ್ತಿನ ಹಿಂದೆ ಒಂದೊಂದು ಹನಿ ಔಷಧಿ ಬಿಟ್ಟರು. ಎರಡು ವಾರ ಬಿಟ್ಟು ಮತ್ತೆ ಬರಬೇಕು. ಪಂಜರಕ್ಕೆ ಕುದಿನೀರು ಹೊಯ್ಯಬೇಕು. ಮರದ ಕೋಲುಗಳನ್ನು ಎಸೆಯಬೇಕು.

"ಇಷ್ಟು ಬೇಗ ಯಾರು ಗುರುತು ಹಿಡಿದ್ರು?" ಎಂದು ವೈದ್ಯೆ ಕೇಳಿದರು. ಅತ್ತೆ ಸೊಸೆಯತ್ತ ಗದ್ದ ಎತ್ತಿ ತೋರಿಸಿದರು.

ಗಿಣಿಗಳು ಕೂರುತ್ತಿದ್ದ ಕೋಲನ್ನು ಮಾವ ಕೊನೆಗಾಲದಲ್ಲಿ ಹಾಸಿಗೆಯಲ್ಲಿ ಕೂತೇ ಕೆತ್ತಿದ್ದರು. ಅದನ್ನು ಎಸೆಯದೆ ಕುದಿಸಿ ನೋಡೋಣವೇ ಎಂದು ಸೊಸೆ ಯೋಚಿಸುತ್ತಿರುವಾಗಲೇ ಅತ್ತೆ ಕೋಲನ್ನು ಕಿತ್ತು, ಸೆರಗಿನಿಂದ ಒಮ್ಮೆ ಒರೆಸಿ, ನೀರೊಲೆಗೆ ಇಟ್ಟರು.

"ಅವರಿದ್ದಿದ್ರೂ ಇದನ್ನೇ ಮಾಡ್ತಿದ್ರು" ಎಂದು, ಅದು ಉರಿದು ಮುಗಿಯುವವರೆಗೂ ಅಲ್ಲೇ ಕೂತರು.

ತಿಂಗಳೊಳಗೆ ಹಕ್ಕಳೆ ಉದುರಿತು. ಸುದ್ದಿ ತಿಳಿದು, ಮೂರನೇ ಮನೆಯ ಇಸ್ತ್ರಿಯಾಕೆ ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ಗಿಣಿಯನ್ನು ತಂದು ಅತ್ತೆಯ ಮುಂದಿಟ್ಟಳು.

"ನಂಗೇನು ತಿಳಿಯುತ್ತೆ? ನಮ್ಮ ಹುಡುಗಿ ನೋಡ್ಲಿ, ಇರು" ಎಂದರು ಅತ್ತೆ. ಸೊಸೆಯ ಮೇಜಿನ ಮೇಲೆ ಗಡಿಯಾರ ಬಿಚ್ಚಿಟ್ಟಿದ್ದ ತಟ್ಟೆಯನ್ನು ಒಂದು ತಿರುಪೂ ಅಲುಗದಂತೆ ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದರು. ಮೇಜಿನ ತುಂಬ ಬೆಳಕು ಬಿತ್ತು.